ಹುಬ್ಬು ಏರಿಸೋಕೆ ಹೇಳಿ ‘ಇದು ಲಕ್ವ ಅಲ್ಲ’ ಅಂದುಬಿಟ್ರು. ಅದು ಹೇಗೆ ಗೊತ್ತಾಗುತ್ತೆ?

ಕೊಪ್ಪದ ಅಡಿಕೆ:
ನಮ್ಮ ದೊಡ್ಡಪ್ಪನಿಗೆ 58 ವರ್ಷ, ಸಕ್ಕರೆ ಕಾಯಿಲೆ ಇದೆ. ಮೊನ್ನೆ ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಬಲಗಡೆಯಿಂದ ಸೋರಿ ಅಂಗಿಯೆಲ್ಲ ಒದ್ದೆ. ಕನ್ನಡಿ ನೋಡಿದರೆ ಬಾಯಿ ಎಡಕ್ಕೆ ಎಳೆದುಕೊಂಡಿದೆ, ಬಲಗಣ್ಣು ಪೂರ್ತಿ ಮುಚ್ಚುತ್ತಿಲ್ಲ. ಲಕ್ವ ಹೊಡೆದಿದೆ ಅಂತ ಮನೆಯಲ್ಲಿ ಒಂದೇ ಗಾಬರಿ. ಜೀಪ್ ಮಾಡಿಕೊಂಡು ಆಸ್ಪತ್ರೆಗೆ ಹೋದೆವು. ಡ್ಯೂಟಿ ಡಾಕ್ಟ್ರು ಕೈಕಾಲಿನ ಬಲ ನೋಡಿದರು, ಮಾತಾಡಿಸಿದರು, ಹುಬ್ಬು ಮೇಲೆತ್ತಿ ಅಂದರು, ಕಣ್ಣು ಬಿಗಿಯಾಗಿ ಮುಚ್ಚಿ ಅಂದರು, ಕಿವಿಯೊಳಗೆ ಲೈಟ್ ಬಿಟ್ಟು ನೋಡಿದರು. ಆಮೇಲೆ “ಮೆದುಳಿಗೇನೂ ಆಗಿಲ್ಲ, ಮುಖದ ನರಕ್ಕೆ ಆಗಿರೋದು” ಅಂತ ಮಾತ್ರೆ, ಕಣ್ಣಿನ ಡ್ರಾಪ್ಸ್ ಬರೆದುಕೊಟ್ಟರು. ಸ್ಕ್ಯಾನ್ ಬೇಡ ಅಂದರು. ದೊಡ್ಡಮ್ಮನಿಗೆ ಸಮಾಧಾನವೇ ಇಲ್ಲ. ಹುಬ್ಬು ನೋಡಿ ಮೆದುಳು ಸರಿಯಿದೆ ಅಂತ ಹೇಗೆ ಹೇಳ್ತಾರೆ? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಹುಬ್ಬಳ್ಳಿ ಹುಡುಗ:
ನಮ್ಮ ಕಾಕಾಗೂ ಹಿಂಗ ಆಗಿತ್ರೀ. ರಾತ್ರಿ ಬಸ್ಸಿನ್ಯಾಗ ಕಿಡಕಿ ಬಾಜೂಕ ಕುಂತು ಬಂದಿದ್ರು, ಮುಂಜಾನೆ ಬಾಯಿ ಸೊಟ್ಟ. ಗಾಳಿ ಬಡದೈತಿ ಅಂದ್ರು ಎಲ್ಲಾರೂ. ಈಗ ಏನೂ ಗೊತ್ತಾಗಂಗಿಲ್ಲ, ಆರಾಮ ಅದಾರ.

ನ್ಯೂರೋ ರೆಸಿಡೆಂಟ್:
ಡ್ಯೂಟಿ ಡಾಕ್ಟರ್ ಸರಿಯಾದ ಕ್ರಮದಲ್ಲೇ ನೋಡಿದ್ದಾರೆ. ಹುಬ್ಬೊಂದನ್ನೇ ನೋಡಿ ಹೇಳಿಲ್ಲ ಅನ್ನೋದನ್ನೂ ಗಮನಿಸಿ: ಕೈಕಾಲು, ಮಾತು, ಕಿವಿ ಎಲ್ಲ ನೋಡಿದ ಮೇಲೆ ಹೇಳಿದ್ದಾರೆ.

ಮುಖ ಅಲ್ಲಾಡಿಸುವ ಆಜ್ಞೆ ಎರಡು ಹಂತದಲ್ಲಿ ಇಳಿದು ಬರುತ್ತದೆ. ಮೆದುಳಿನ ಹೊರಪದರದಿಂದ ಹೊರಟ ತಂತುಗಳು ಮೆದುಳಿನ ಕಾಂಡದಲ್ಲಿರುವ ಪಾನ್ಸ್ ಎಂಬ ಭಾಗಕ್ಕೆ ಬಂದು ನಿಲ್ಲುತ್ತವೆ. ಅಲ್ಲಿ ಏಳನೇ ಕಪಾಲ ನರದ (ಮೆದುಳಿನಿಂದ ನೇರ ಹೊರಡುವ ಹನ್ನೆರಡು ಜೋಡಿ ನರಗಳಲ್ಲಿ ಏಳನೆಯದು), ಅಂದರೆ ಫೇಶಿಯಲ್ ನರ್ವ್‌ನ ಕೋಶಗಳ ಗುಂಪಿದೆ. ಅಲ್ಲಿಂದ ಮುಖದ ಸ್ನಾಯುಗಳವರೆಗೆ ಆ ನರದ್ದೇ ದಾರಿ. ಈ ಕೋಶಗಳಲ್ಲಿ ಬಾಯಿಯ ಸುತ್ತಲಿನ ಸ್ನಾಯುಗಳನ್ನು ಆಡಿಸುವವಕ್ಕೆ ಆಜ್ಞೆ ಹೆಚ್ಚಾಗಿ ಎದುರು ಬದಿಯ ಮೆದುಳಿನಿಂದ ಮಾತ್ರ ಬರುತ್ತದೆ. ಹಣೆಯ ಸ್ನಾಯುಗಳನ್ನು ಆಡಿಸುವವಕ್ಕೆ ಎರಡೂ ಬದಿಯಿಂದ ಬರುತ್ತದೆ.

ಎಡ ಮೆದುಳಿನಲ್ಲಿ ಸ್ಟ್ರೋಕ್ (ಲಕ್ವ) ಆಯಿತು ಅಂದುಕೊಳ್ಳಿ. ಬಲಗಡೆ ಬಾಯಿ ಜೋತು ಬೀಳುತ್ತದೆ, ಆದರೆ ಬಲ ಹಣೆಗೆ ಬಲ ಮೆದುಳಿನಿಂದ ಇನ್ನೂ ಆಜ್ಞೆ ಬರುತ್ತಿರುವುದರಿಂದ ಹುಬ್ಬು ಏಳುತ್ತದೆ, ಹಣೆಯ ನೆರಿಗೆ ಮೂಡುತ್ತದೆ. ನರವೇ ಕೆಟ್ಟರೆ ಆಜ್ಞೆ ಎಲ್ಲಿಂದ ಬಂದರೂ ದಾಟಲು ದಾರಿಯಿಲ್ಲ. ಹಣೆ, ಕಣ್ಣು, ಬಾಯಿ ಮೂರೂ ಒಟ್ಟಿಗೆ ಹೋಗುತ್ತವೆ. ಹುಬ್ಬು ಏಳದಿರುವುದೇ ಇಲ್ಲಿ ಸಮಾಧಾನದ ಸುದ್ದಿ.

ಇನ್ನೊಂದು ಸ್ವಾರಸ್ಯ ಇದೆ. ಸ್ಟ್ರೋಕ್ ಆದ ಕೆಲವರಿಗೆ “ಹಲ್ಲು ತೋರಿಸಿ” ಅಂದರೆ ಬಾಯಿ ಸೊಟ್ಟ, ಆದರೆ ಮೊಮ್ಮಗು ಏನೋ ಚೇಷ್ಟೆ ಮಾಡಿದಾಗ ತಾನಾಗಿ ಬಂದ ನಗು ನೆಟ್ಟಗಿರುತ್ತದೆ. ಬೇಕೆಂದು ನಗುವ ದಾರಿಯೇ ಬೇರೆ, ಭಾವದಿಂದ ನಗು ಬರುವ ದಾರಿಯೇ ಬೇರೆ. ಎರಡೂ ಪಾನ್ಸ್‌ನಲ್ಲಿ ಬಂದು ಸೇರುತ್ತವೆ. ಫೇಶಿಯಲ್ ನರವೇ ಕೆಟ್ಟವರಿಗೆ ಎರಡು ನಗುವೂ ಸೊಟ್ಟ. ಬೆಡ್ ಪಕ್ಕ ನಿಂತು ರೋಗಿಯನ್ನು ನಗಿಸಿದರೆ ಅದೂ ಒಂದು ಪರೀಕ್ಷೆ.

ಕೊಪ್ಪದ ಅಡಿಕೆ:
ಈಗ ಅರ್ಥ ಆಯ್ತು ಡಾಕ್ಟ್ರೇ. ದೊಡ್ಡಪ್ಪನ ಬಲ ಹಣೆ ಇಸ್ತ್ರಿ ಹಾಕಿದ ಹಾಗೆ ನುಣ್ಣಗಿದೆ. ಮತ್ತೆ ಕಿವಿ ಯಾಕೆ ನೋಡಿದರು? ಕಿವಿ ಚೆನ್ನಾಗೇ ಕೇಳುತ್ತೆ ಅವರಿಗೆ. ಹೇಳಬೇಕಂದ್ರೆ ಜಾಸ್ತಿನೇ ಕೇಳುತ್ತೆ. ಪಾತ್ರೆ ಸದ್ದಾದರೆ ಬೈತಾ ಇದ್ದಾರೆ.

ಕಿವಿ ಮೂಗು ಗಂಟಲು:
ಇದು ನನ್ನ ಇಲಾಖೆ. ಪಾತ್ರೆ ಸದ್ದಿಗೆ ಬೈಯೋದಕ್ಕೂ ಅದೇ ನರ ಕಾರಣ.

ಏಳನೇ ನರ ಮೆದುಳಿನಿಂದ ಹೊರಟು ಸೀದಾ ಕೆನ್ನೆಗೆ ಬರುವುದಿಲ್ಲ. ಎಂಟನೇ ನರದ (ಕೇಳುವ, ಸಮತೋಲನದ ನರ) ಜೊತೆ ಕಿವಿಯ ಮೂಳೆಯೊಳಗೆ ನುಗ್ಗುತ್ತದೆ. ಆಮೇಲೆ ಸುಮಾರು 3 ಸೆಂಟಿಮೀಟರ್ ಉದ್ದದ ಮೂಳೆಯ ಕೊಳವೆಯಲ್ಲಿ ಎರಡು ಸಲ ತಿರುಗಿ, ಕಿವಿಯ ಹಿಂದೆ ಕೆಳಗಿರುವ ಸಣ್ಣ ರಂಧ್ರದಿಂದ ಆಚೆ ಬರುತ್ತದೆ. ಮೂಳೆಯೊಳಗೆ ಇಷ್ಟು ದೂರ ಸಾಗುವ ನರ ದೇಹದಲ್ಲಿ ಬೇರೆ ಇಲ್ಲ. ದಾರಿಯಲ್ಲಿ ಮೂರು ಕವಲು ಕೊಡುತ್ತದೆ. ಮೊದಲನೆಯದು ಕಣ್ಣೀರಿನ ಗ್ರಂಥಿಯ ಕಡೆಗೆ. ಎರಡನೆಯದು ಸ್ಟೆಪೀಡಿಯಸ್ ಎಂಬ ಪುಟಾಣಿ ಸ್ನಾಯುವಿಗೆ. ದೊಡ್ಡ ಸದ್ದು ಬಂದಾಗ ಒಳಗಿವಿಗೆ ಪೆಟ್ಟು ಬೀಳದ ಹಾಗೆ ಕಿವಿಯ ಸಣ್ಣ ಮೂಳೆಯನ್ನು ಹಿಡಿದಿಡುವ ಕೆಲಸ ಅದರದ್ದು. ಮೂರನೆಯದು ಕಾರ್ಡಾ ಟಿಂಪಾನಿ. ಅದು ಕಿವಿತಮಟೆಯ ಹಿಂಬದಿಯಿಂದ ಹಾದು ನಾಲಗೆಯ ಮುಂದಿನ ಮೂರನೇ ಎರಡು ಭಾಗಕ್ಕೆ ರುಚಿ, ಕೆಳದವಡೆಯ ಗ್ರಂಥಿಗಳಿಗೆ ಜೊಲ್ಲು ಒದಗಿಸುತ್ತದೆ.

ದೊಡ್ಡಪ್ಪನಿಗೆ ಸದ್ದು ಹೆಚ್ಚು ಕೇಳಿಸುತ್ತಿದೆ ಎಂದರೆ ಪೆಟ್ಟು ಬಿದ್ದಿರುವುದು ಸ್ಟೆಪೀಡಿಯಸ್ ಕವಲಿಗಿಂತ ಮೇಲೆ. ಸಾರಿನ ರುಚಿ ಹೇಗಿದೆ ಅಂತ ಕೇಳಿ ನೋಡಿ. ಉಪ್ಪು ಖಾರ ಹತ್ತುತ್ತಿಲ್ಲ ಅನ್ನಬಹುದು.

ಕೊಳವೆಯ ಮೊದಲ ತುಂಡು ಒಂದು ಮಿಲಿಮೀಟರೂ ಅಗಲ ಇಲ್ಲ. ಅಲ್ಲಿ ನರ ಊದಿಕೊಂಡರೆ ಊದಿದ ಬೆರಳಿಗೆ ಉಂಗುರ ಬಿಗಿದ ಪಾಡು: ಊತದಿಂದ ಒತ್ತಡ, ಒತ್ತಡದಿಂದ ರಕ್ತ ಓಡಾಟ ಕಡಿಮೆ, ಅದರಿಂದ ಮತ್ತೆ ಊತ. ಬೆಲ್ಸ್ ಪಾಲ್ಸಿ ಅನ್ನುವುದು ಇದನ್ನೇ. ಊತಕ್ಕೆ ಮೂಲ ಏನು ಅನ್ನುವುದು ಇನ್ನೂ ಪೂರ್ತಿ ತೀರ್ಮಾನವಾಗಿಲ್ಲ. ನರದೊಳಗೆ ಮಲಗಿದ್ದ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ ಮತ್ತೆ ಏಳುತ್ತದೆ ಎನ್ನುವುದರ ಮೇಲೇ ಹೆಚ್ಚಿನ ಅನುಮಾನ. ಬಸ್ಸಿನ ಕಿಟಕಿ ಗಾಳಿಯ ಮೇಲೆ ನಮ್ಮ ಜನರ ಅನುಮಾನ ಹಳೆಯದು, ಆದರೆ ಕಿಟಕಿ ಪಕ್ಕ ಕೂತ ಉಳಿದವರಿಗೆ ಯಾಕೆ ಆಗಲಿಲ್ಲ ಅಂತ ಯಾರೂ ಕೇಳುವುದಿಲ್ಲ.

ಕಿವಿಯಲ್ಲಿ ಲೈಟ್ ಬಿಟ್ಟು ಹುಡುಕಿದ್ದು ಎರಡು ವಿಷಯ. ಒಂದು, ನೀರುಗುಳ್ಳೆ. ಸರ್ಪಸುತ್ತಿನ ವೈರಸ್ ಇದೇ ನರದ ಗಂಟಿನಲ್ಲಿ ಎದ್ದರೆ ಕಿವಿಯ ಹಾಲೆಯಲ್ಲೋ ರಂಧ್ರದೊಳಗೋ ಗುಳ್ಳೆ, ವಿಪರೀತ ನೋವು, ಕೆಲವರಿಗೆ ತಲೆಸುತ್ತು, ಕಿವುಡು. 1907ರಲ್ಲಿ ಇದನ್ನು ವಿವರಿಸಿದ ರಾಮ್ಸೆ ಹಂಟ್ ಹೆಸರೇ ಇದಕ್ಕೆ. ಬೆಲ್ಸ್‌ಗಿಂತ ಇದು ಜಿಗುಟು, ವಾಸಿಯಾಗುವವರೂ ಕಡಿಮೆ, ವೈರಸ್ ಔಷಧ ಸೇರಿಸಲೇಬೇಕು. ಎರಡು, ಕಿವಿ ಸೋರುವಿಕೆ. ವರ್ಷಗಟ್ಟಲೆ ಕಿವಿ ಸೋರುತ್ತಿದ್ದವರಿಗೆ ಮುಖ ಸೊಟ್ಟ ಆಯಿತೆಂದರೆ ಕೊಲೆಸ್ಟಿಯಟೋಮಾ (ಕಿವಿಯೊಳಗೆ ಬೆಳೆಯಬಾರದ ಕಡೆ ಬೆಳೆದ ಚರ್ಮದ ಗಂಟು) ಮೂಳೆ ತಿಂದು ನರದವರೆಗೆ ಹೋಗಿರಬಹುದು. ಅದು ಆಪರೇಷನ್ ಕೇಸು, ಮಾತ್ರೆಗೆ ಬಗ್ಗುವುದಿಲ್ಲ.

ಎರಡನೇ ಎಂಬಿಬಿಎಸ್:
ಸರ್, ಒಂದು ಗೊಂದಲ. ಏಳನೇ ನರ ಹೋದರೆ ಕಣ್ಣುರೆಪ್ಪೆ ಬೀಳಬೇಕಲ್ವಾ? ಇಲ್ಲಿ ಮುಚ್ಚೋಕೇ ಆಗಲ್ಲ ಅಂತಿದ್ದೀರ.

ನ್ಯೂರೋ ರೆಸಿಡೆಂಟ್:
ರೆಪ್ಪೆ ಎತ್ತುವುದು ಮೂರನೇ ನರ, ಮುಚ್ಚುವುದು ಏಳನೆಯದು. ಮೂರು ಹೋದರೆ ರೆಪ್ಪೆ ಬೀಳುತ್ತದೆ, ಗುಡ್ಡೆ ಹೊರಕ್ಕೂ ಕೆಳಕ್ಕೂ ಸರಿಯುತ್ತದೆ. ಏಳು ಹೋದರೆ ಕಣ್ಣು ತೆರೆದೇ ಉಳಿಯುತ್ತದೆ.

ಮೂರನೆಯದು ಹೋದಾಗ ಕಣ್ಣಿನ ಪಾಪೆ ನೋಡುವುದನ್ನು ಮರೆಯಬೇಡಿ. ಪಾಪೆ ಕುಗ್ಗಿಸುವ ತಂತುಗಳು ಆ ನರದ ಹೊರಮೈಯಲ್ಲಿ ಓಡುತ್ತವೆ. ಹೊರಗಿನಿಂದ ಏನಾದರೂ ಒತ್ತಿದರೆ, ಉದಾಹರಣೆಗೆ ಪಕ್ಕದ ರಕ್ತನಾಳ ಗುಳ್ಳೆಯಂತೆ ಉಬ್ಬಿದರೆ, ಪಾಪೆ ಹಿಗ್ಗುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಏಟು ಬೀಳುವುದು ನರದ ಒಳತಿರುಳಿಗೆ, ಹಾಗಾಗಿ ಸಾಮಾನ್ಯವಾಗಿ ಪಾಪೆ ಉಳಿದುಕೊಳ್ಳುತ್ತದೆ. ತಲೆನೋವು, ಬಿದ್ದ ರೆಪ್ಪೆ, ಹಿಗ್ಗಿದ ಪಾಪೆ ಮೂರೂ ಒಟ್ಟಿಗೆ ಕಂಡರೆ ಆ ರಾತ್ರಿಯೇ ರಕ್ತನಾಳದ ಸ್ಕ್ಯಾನ್. ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ.

ಪಿಎಚ್‌ಸಿ ಡಾಕ್ಟರ್:
ಸ್ವಲ್ಪ ಆಚೆಯ ವಿಷಯ, ಆದರೂ ಹೇಳಿಬಿಡ್ತೀನಿ. ಹಳ್ಳಿಯಲ್ಲಿ ಎರಡೂ ರೆಪ್ಪೆ ಬಿದ್ದ ರೋಗಿ ಬೆಳಗಿನ ಜಾವ ಬಂದರೆ ಮೂರನೇ ನರ, ಏಳನೇ ನರ ಅಂತ ಪುಸ್ತಕ ತೆಗೆಯಬೇಡಿ. ರಾತ್ರಿ ನೆಲದ ಮೇಲೆ ಮಲಗಿದ್ದರಾ, ಹೊಟ್ಟೆನೋವು ಬಂತಾ ಅಂತ ಕೇಳಿ. ಕಟ್ಟು ಹಾವು ಕಚ್ಚಿದರೆ ಎಷ್ಟೋ ಸಲ ನೋವೂ ಇರಲ್ಲ, ಹಲ್ಲಿನ ಗುರುತೂ ಕಾಣಲ್ಲ. ವಿಷ ನರಕ್ಕೂ ಸ್ನಾಯುವಿಗೂ ನಡುವಿನ ಕೊಂಡಿ ಕಡಿಯುತ್ತದೆ. ಮೊದಲು ರೆಪ್ಪೆ, ಆಮೇಲೆ ನುಂಗುವುದು, ಕೊನೆಗೆ ಉಸಿರು. ಬೇಕಾದ್ದು ಆಂಟಿವೆನಮ್ ಮತ್ತು ಉಸಿರಾಟಕ್ಕೆ ಆಸರೆ.

ನಿರ್ವಾಹಕ:
ಒಳ್ಳೆಯ ಮಾಹಿತಿ, ಆದರೆ ಹಾವಿಗೆ ಬೇರೆ ಎಳೆ ಶುರು ಮಾಡೋಣ. ಇಲ್ಲಿ ಮುಖದ ನರಕ್ಕೇ ಇರಲಿ. ಇನ್ನೊಂದು ಮಾತು: ಮುಖ ಸೊಟ್ಟ ಆದವರು ಇದನ್ನು ಓದಿ ಮನೆಯಲ್ಲೇ ಹುಬ್ಬು ನೋಡಿಕೊಂಡು ಕೂರಬೇಡಿ. ಸ್ಟ್ರೋಕ್ ಆಗಿದ್ದರೆ ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದಿಗೆ ಇರುವ ಸಮಯ ನಾಲ್ಕೂವರೆ ಗಂಟೆ. ಮೊದಲು ಆಸ್ಪತ್ರೆ, ಆಮೇಲೆ ಚರ್ಚೆ.

ಶಂಕೆಪ್ಪ:
ಎಲ್ಲರೂ ಹಣೆ ಹಣೆ ಅಂತೀರಿ. ನಾನು ಇಂಟರ್ನ್ ಆಗಿದ್ದಾಗ ಹಣೆಯೂ ಹೋಗಿ, ಕಣ್ಣೂ ಮುಚ್ಚದೆ, ಕೊನೆಗೆ ಎಂಆರ್‌ಐನಲ್ಲಿ ಸ್ಟ್ರೋಕ್ ಅಂತ ಬಂದ ಕೇಸ್ ನೋಡಿದ್ದೀನಿ. ಆ ನಿಯಮ ನಂಬಿದ್ದರೆ ಗತಿಯೇನು?

ನ್ಯೂರೋ ರೆಸಿಡೆಂಟ್:
ಶಂಕೆ ನ್ಯಾಯವಾದದ್ದೇ. ನೀವು ನೋಡಿದ್ದು ಪಾನ್ಸ್‌ನೊಳಗಿನ ಸ್ಟ್ರೋಕ್ ಇರಬೇಕು. ಏಳನೇ ನರದ ಕೋಶಗಳು ಇರುವುದೇ ಅಲ್ಲಿ, ಆದ್ದರಿಂದ ಅಲ್ಲಿ ರಕ್ತ ಓಡಾಟ ನಿಂತರೆ ಅರ್ಧ ಮುಖ ಪೂರ್ತಿ ಹೋಗುತ್ತದೆ, ಬೆಲ್ಸ್‌ನಲ್ಲಿ ಹೋದ ಹಾಗೆಯೇ. ಹಣೆಯ ಪರೀಕ್ಷೆ ಪೆಟ್ಟು ಆ ಕೋಶಗಳಿಗಿಂತ ಮೇಲಿದೆಯೋ ಇಲ್ಲವೋ ಎಂದಷ್ಟೇ ಹೇಳುತ್ತದೆ. “ಮೆದುಳಿನಲ್ಲಿ ಇಲ್ಲ” ಅನ್ನುವ ಮಾತು ಅದರಿಂದ ಬರುವುದಿಲ್ಲ. ಆ ಮಾತನ್ನು ಅಕ್ಕಪಕ್ಕದ ನರಗಳನ್ನು ಕೇಳಬೇಕು.

ಪಾನ್ಸ್‌ನಲ್ಲಿ ಏಳನೇ ನರದ ತಂತುಗಳು ಹೊರಬರುವ ಮೊದಲು ಆರನೇ ನರದ ಕೋಶಗಳನ್ನು ಒಂದು ಸುತ್ತು ಹಾಕಿ ಬರುತ್ತವೆ. ಆರನೆಯದು ಕಣ್ಣನ್ನು ಹೊರಕ್ಕೆ ತಿರುಗಿಸುವ ನರ. ಹಾಗಾಗಿ ಮುಖ ಸೊಟ್ಟ ಆದ ಕಡೆಗೇ ಕಣ್ಣು ತಿರುಗುತ್ತಿಲ್ಲ, ಒಂದು ಎರಡಾಗಿ ಕಾಣುತ್ತಿದೆ ಎಂದರೆ ಬೆಲ್ಸ್ ಅನ್ನುವ ಹೆಸರನ್ನು ಅಲ್ಲಿಗೇ ಬಿಡಬೇಕು. ಕೈಕಾಲಿಗೆ ಇಳಿಯುವ ತಂತುಗಳೂ ಪಾನ್ಸ್‌ನ ಮುಂಭಾಗದಲ್ಲೇ ಹಾದು, ಇನ್ನೂ ಕೆಳಗೆ ಹೋಗಿ ಬದಿ ಬದಲಿಸುತ್ತವೆ. ಅದಕ್ಕೇ ಬಲ ಮುಖ, ಎಡ ಕೈಕಾಲು ಒಟ್ಟಿಗೆ ಸೋತರೆ ಕಾಂಡದ ಕಡೆ ಬೆರಳು ಮಾಡಬೇಕು.

ಐದನೇ ನರವನ್ನು ಪರೀಕ್ಷಿಸಲು ಹತ್ತಿಯ ಎಳೆ ಸಾಕು. ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾ ಮುಟ್ಟಿದ್ದನ್ನು ಮೆದುಳಿಗೆ ಮುಟ್ಟಿಸುವುದು ಐದು, ರೆಪ್ಪೆ ಮಿಟುಕಿಸುವುದು ಏಳು. ಬೆಲ್ಸ್ ಆದ ಬಲಗಣ್ಣಿಗೆ ಎಳೆ ತಾಗಿಸಿದರೆ ಬಲಗಣ್ಣು ಮಿಟುಕುವುದಿಲ್ಲ, ಎಡಗಣ್ಣು ಮಿಟುಕುತ್ತದೆ. ಸ್ಪರ್ಶ ಹೋಗಿ ತಲುಪಿದೆ ಅಂತ ಅರ್ಥ. ಎರಡೂ ಮಿಟುಕದಿದ್ದರೆ ಐದನೆಯದೂ ಸೋತಿದೆ. ಜೊತೆಗೆ ಆ ಕಡೆ ಕಿವಿ ಮಂದವಾಗಿದ್ದರೆ ಐದು, ಏಳು, ಎಂಟು ಹತ್ತಿರ ಬರುವ ಮೂಲೆಯಲ್ಲಿ ಗಡ್ಡೆ ಇದೆಯೇ ನೋಡಬೇಕು. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಹನ್ನೆರಡು ನರಗಳನ್ನು ಸಾಲಾಗಿ ಒಪ್ಪಿಸುವ ಹುಡುಗರಿಗಿಂತ ಯಾವ ನರದ ಪಕ್ಕ ಯಾವುದಿದೆ ಎಂದು ಬಲ್ಲವರು ವಾರ್ಡಿನಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತಾರೆ ಅನ್ನುವುದು ನನ್ನ ಅಭಿಪ್ರಾಯ.

ಎರಡನೇ ಎಂಬಿಬಿಎಸ್:
ವೈವಾದಲ್ಲಿ ಕೇಳೋದು ಮಾತ್ರ ಸಾಲಾಗಿಯೇ ಸರ್ 🙂

ಶಂಕೆಪ್ಪ:
ಒಪ್ಪಿದೆ. ಆ ರೋಗಿಗೂ ಒಂದು ಎರಡಾಗಿ ಕಾಣ್ತಿತ್ತು.

ಹಳೇ ಪುಟ:
ಪಕ್ಕಪಕ್ಕದ ಮಾತು ಬಂದದ್ದಕ್ಕೆ ಒಂದಿಷ್ಟು ಇತಿಹಾಸ. 1664ರಲ್ಲಿ ಥಾಮಸ್ ವಿಲ್ಲಿಸ್ ಮೆದುಳಿನ ನರಗಳನ್ನು ಎಣಿಸಿದಾಗ ಈಗಿನ ಏಳು ಮತ್ತು ಎಂಟನ್ನು ಸೇರಿಸಿ ಒಂದೇ ನರ ಎಂದಿದ್ದ. ಎರಡೂ ಒಂದೇ ರಂಧ್ರಕ್ಕೆ ನುಗ್ಗುತ್ತವೆ ನೋಡಿ, ಅದಕ್ಕೆ. ಗಟ್ಟಿ ಭಾಗ ಮುಖಕ್ಕೆ, ಮೆತ್ತನೆ ಭಾಗ ಕಿವಿಗೆ. ಬೇರೆ ಬೇರೆ ಮಾಡಿ ಹನ್ನೆರಡರ ಪಟ್ಟಿ ಕೊಟ್ಟಿದ್ದು ಜರ್ಮನಿಯ ಸ್ಯಾಮುಯೆಲ್ ಸೋಮರಿಂಗ್, 1778ರಲ್ಲಿ.

ಬೆಲ್ಸ್ ಪಾಲ್ಸಿಗೆ ಹೆಸರು ಕೊಟ್ಟ ಚಾರ್ಲ್ಸ್ ಬೆಲ್ ಎಡಿನ್‌ಬರೋದಲ್ಲಿ ಹುಟ್ಟಿದ ಸರ್ಜನ್. ವಾಟರ್‌ಲೂ ಯುದ್ಧದ ಗಾಯಾಳುಗಳಿಗೆ ಚಿಕಿತ್ಸೆ ಮಾಡಿದವನು, ಕೈಯಲ್ಲಿ ಒಳ್ಳೆಯ ಚಿತ್ರಕಲೆ ಇತ್ತು. ಮುಖದ ಚಲನೆ ಏಳನೆಯದು, ಮುಖದ ಸ್ಪರ್ಶ ಐದನೆಯದು ಎಂದು ಬಿಡಿಸಿ ತೋರಿಸುವ ಪ್ರಬಂಧವನ್ನು 1821ರಲ್ಲಿ ರಾಯಲ್ ಸೊಸೈಟಿಯ ಮುಂದಿಟ್ಟ. ಅದಕ್ಕೂ ಮೊದಲು ಮುಖದ ನೋವು ತಡೆಯಲಾರದ ರೋಗಿಗಳಿಗೆ ಸರ್ಜನ್‌ಗಳು ಏಳನೇ ನರವನ್ನು ಕತ್ತರಿಸಿದ್ದೂ ಉಂಟು. ನೋವು ಹಾಗೇ ಉಳಿಯುತ್ತಿತ್ತು, ಮುಖ ಸೊಟ್ಟ ಆಗುತ್ತಿತ್ತು. ಈ ರೋಗವನ್ನು ಮೊದಲು ಕಂಡವನು ಬೆಲ್ ಅಲ್ಲ. 1798ರಲ್ಲೇ ನಿಕೊಲಾಸ್ ಫ್ರೀಡ್ರೈಕ್ ಬರೆದಿದ್ದ, ಅವನಿಗೂ ನೂರಾರು ವರ್ಷ ಮೊದಲು ಪರ್ಷಿಯಾದ ಅಲ್ ರಾಜಿ.

ಆಯುರ್ವೇದ ವೈದ್ಯೆ:
ನಮ್ಮ ಸಂಹಿತೆಗಳಲ್ಲೂ ಅರ್ದಿತ ಎಂದು ಇದರ ವರ್ಣನೆ ಇದೆ, ನಸ್ಯ (ಮೂಗಿಗೆ ಔಷಧ ಬಿಡುವುದು) ಮತ್ತು ಅಭ್ಯಂಗ (ಎಣ್ಣೆ ಹಚ್ಚಿ ತಿಕ್ಕುವುದು) ಹೇಳಿದ್ದಾರೆ. ಆದರೆ ನನ್ನ ಹತ್ತಿರ ಮೊದಲ ದಿನವೇ ಬಂದವರನ್ನು ನಾನು ಆಸ್ಪತ್ರೆಗೆ ಕಳಿಸುತ್ತೇನೆ. ಎಣ್ಣೆ ಆಮೇಲೂ ಹಚ್ಚಬಹುದು.

ಕಿವಿ ಮೂಗು ಗಂಟಲು:
ನಿಮ್ಮಂಥವರು ಹೆಚ್ಚಾಗಲಿ ಮೇಡಂ. ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ ಶುರು ಮಾಡಬೇಕಾದದ್ದು ಮೊದಲ 72 ಗಂಟೆಯೊಳಗೆ. 2007ರಲ್ಲಿ ಪ್ರಕಟವಾದ ಸ್ಕಾಟ್ಲೆಂಡಿನ ಅಧ್ಯಯನದಲ್ಲಿ ಅದನ್ನು ತಗೊಂಡವರಲ್ಲಿ ಶೇ. 83 ಮಂದಿ ಮೂರು ತಿಂಗಳಿಗೆ ಪೂರ್ತಿ ಸರಿಹೋದರು, ತಗೊಳ್ಳದವರಲ್ಲಿ ಶೇ. 64ರಷ್ಟು. ಒಂಬತ್ತು ತಿಂಗಳಿಗೆ ಶೇ. 94 ಮತ್ತು ಶೇ. 82. ವೈರಸ್ ಔಷಧ ಅಸೈಕ್ಲೊವಿರ್ ಒಂದನ್ನೇ ಕೊಟ್ಟು ಏನೂ ಲಾಭ ಕಾಣಲಿಲ್ಲ. ಔಷಧವಿಲ್ಲದೆಯೂ ಬಹುಪಾಲು ಜನ ಸರಿಹೋಗುತ್ತಾರೆ ಅನ್ನುವುದನ್ನೂ ಈ ಲೆಕ್ಕದಲ್ಲಿ ನೋಡಿ. ನಾಟಿ ಮದ್ದಿನವರಿಗೆ, ತಾಯಿತ ಕಟ್ಟುವವರಿಗೆ ಹೆಸರು ಬಂದಿರುವುದು ಹೀಗೆಯೇ. ದೊಡ್ಡಪ್ಪನಿಗೆ ಸಕ್ಕರೆ ಇರುವುದರಿಂದ ಸ್ಟಿರಾಯ್ಡ್ ತಗೊಳ್ಳುವಷ್ಟು ದಿನ ಸಕ್ಕರೆ ಏರುತ್ತದೆ. ಗ್ಲುಕೋಮೀಟರ್ ಇಟ್ಟು ನೋಡುತ್ತಿರಿ, ಡಾಕ್ಟರನ್ನು ಕೇಳಿ ಸಕ್ಕರೆ ಮಾತ್ರೆ ಹೊಂದಿಸಿಕೊಳ್ಳಿ. ಸ್ಟಿರಾಯ್ಡನ್ನು ನೀವೇ ನಿಲ್ಲಿಸಬೇಡಿ.

ಒಮ್ಮೆ ಬೆಲ್ಸ್ ಆದವಳು:
ಡಾಕ್ಟರ್‌ಗಳು ಮಾತಾಡಿದ್ದಾಯ್ತು, ಕಣ್ಣಿನ ವಿಷಯ ನಾನು ಹೇಳ್ತೀನಿ. ಮುಖ ಒಂದಿನ ಸರಿಹೋಗುತ್ತೆ, ಕಣ್ಣಲ್ಲಿ ಹುಣ್ಣಾದರೆ ಕಲೆ ಉಳಿಯುತ್ತೆ ಅಂತ ನನಗೆ ನೇತ್ರ ವೈದ್ಯರು ಮೊದಲೇ ಹೇಳಿದ್ದರು. ಹಗಲು ಗಂಟೆ ಗಂಟೆಗೂ ಡ್ರಾಪ್ಸ್, ರಾತ್ರಿ ಮುಲಾಮು ಹಾಕಿ ರೆಪ್ಪೆ ಮುಚ್ಚಿ ಟೇಪ್. ಹತ್ತಿ ಇಟ್ಟು ಅದರ ಮೇಲೆ ಟೇಪ್ ಹಾಕಬೇಡಿ, ಒಳಗೆ ರೆಪ್ಪೆ ತೆರೆದುಕೊಂಡರೆ ಹತ್ತಿ ಕಣ್ಣಿಗೇ ಉಜ್ಜುತ್ತೆ. ಸ್ಕೂಟರ್ ಹಿಂದೆ ಕೂರುವುದಾದರೆ ಕನ್ನಡಕ ಕಡ್ಡಾಯ. ಊಟಕ್ಕೆ ಕೂತರೆ ಅನ್ನ ಕೆನ್ನೆ ಸಂದಿಯಲ್ಲಿ ಸೇರಿಕೊಳ್ಳುತ್ತೆ, ಬೆರಳು ಹಾಕಿ ತೆಗೆಯಬೇಕು, ನಾಲ್ಕು ಜನರ ನಡುವೆ ಬೇಜಾರು. ಮದುವೆ ಮನೆಗಳಿಗೆ ನಾನು ಹೋಗಲೇ ಇಲ್ಲ. ದೊಡ್ಡಪ್ಪನ ಮುಂದೆ ನಗಾಡಬೇಡಿ ಅಂತ ಮಕ್ಕಳಿಗೆ ಹೇಳಿ.

ಕೊಪ್ಪದ ಅಡಿಕೆ:
ಅಕ್ಕ, ಕಣ್ಣು ಮುಚ್ಚೋಕೆ ಹೋದಾಗ ಗುಡ್ಡೆ ಮೇಲಕ್ಕೆ ಹೋಗಿ ಬರೀ ಬಿಳಿ ಕಾಣುತ್ತೆ. ದೊಡ್ಡಮ್ಮ ಅದನ್ನೇ ನೋಡಿ ಹೆದರಿದ್ದು.

ನ್ಯೂರೋ ರೆಸಿಡೆಂಟ್:
ಕಣ್ಣು ಮುಚ್ಚಿದಾಗ ನಮ್ಮಲ್ಲಿ ಹೆಚ್ಚಿನವರ ಗುಡ್ಡೆ ಹಾಗೇ ಮೇಲೆ ಹೋಗುತ್ತದೆ, ರೆಪ್ಪೆ ಮುಚ್ಚಿರುವುದರಿಂದ ಕಾಣುವುದಿಲ್ಲ ಅಷ್ಟೆ. ಅದೂ ಬೆಲ್ ಹೆಸರಿನಲ್ಲೇ ಇದೆ. ಕಾರ್ನಿಯಾ ರೆಪ್ಪೆಯ ಮರೆಗೆ ಹೋಗುವುದು ಒಳ್ಳೆಯದೇ. ದೊಡ್ಡಮ್ಮನಿಗೆ ಹೇಳಿ.

ನಿವೃತ್ತ ಆರೋಗ್ಯ ಸಹಾಯಕ:
ಕುಷ್ಠರೋಗ ನಿಯಂತ್ರಣದಲ್ಲಿ ಕೆಲಸ ಮಾಡಿದವನು ನಾನು. 2005ರ ಕೊನೆಗೆ ದೇಶದ ಮಟ್ಟದಲ್ಲಿ ಹತ್ತು ಸಾವಿರ ಜನಕ್ಕೆ ಒಬ್ಬರಿಗಿಂತ ಕಡಿಮೆ ಆಯಿತು ಅಂತ ಘೋಷಣೆ ಆದ ಮೇಲೆ ಹೊಸ ಡಾಕ್ಟರುಗಳು ಇದನ್ನು ಮರೆತೇಬಿಟ್ಟಿದ್ದಾರೆ. ಕಾಯಿಲೆ ಇನ್ನೂ ಇದೆ ಸ್ವಾಮಿ. ಅದರಲ್ಲಿ ಏಳನೇ ನರದ ಕಣ್ಣಿಗೆ ಹೋಗುವ ಕವಲು ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುತ್ತದೆ, ಕಣ್ಣು ಮುಚ್ಚುವುದಿಲ್ಲ. ಅದರ ಜೊತೆ ಐದನೆಯದೂ ಸೋತು ಕಾರ್ನಿಯಾ ಮರಗಟ್ಟಿದರೆ ಧೂಳು ಬಿದ್ದದ್ದೂ ಗೊತ್ತಾಗದು, ಹುಣ್ಣಾದದ್ದೂ ಗೊತ್ತಾಗದು. ಮುಖದಲ್ಲಿ ಸ್ಪರ್ಶವಿಲ್ಲದ ಮಚ್ಚೆ, ದಪ್ಪಗಾದ ಕಿವಿಹಾಲೆ, ಮೊಣಕೈ ಹಿಂದೆ ಕೈಗೆ ಸಿಗುವ ದಪ್ಪ ನರ, ಇಷ್ಟು ನೋಡಿ ಆಮೇಲೆ ಬೆಲ್ಸ್ ಅಂತ ಬರೆಯಿರಿ.

ಫಿಸಿಯೋ ಮಂಗಳೂರು:
ಬಲೂನ್ ಊದಿ, ಚೂಯಿಂಗ್ ಗಮ್ ಅಗಿಯಿರಿ ಅಂತ ಎಲ್ಲರೂ ಹೇಳ್ತಾರೆ ಮಾರಾಯ್ರೆ. ಅಗಿಯುವ ಸ್ನಾಯು ಐದನೇ ನರದ್ದು, ಗಮ್‌ನಿಂದ ಏಳಕ್ಕೆ ಏನು ಬಂತು? ಬಲ ಹಾಕಿ ಇಡೀ ಮುಖ ಹಿಂಡುವುದಕ್ಕಿಂತ ಕನ್ನಡಿ ಮುಂದೆ ಕೂತು ಒಂದೊಂದೇ ಚಲನೆಯನ್ನು ಮೆಲ್ಲಗೆ ಮಾಡುವುದು ಒಳ್ಳೆಯದು. ಕರೆಂಟ್ ಕೊಡುವ ಮೆಷಿನ್ ನಮ್ಮಲ್ಲಿ ಬಹಳ ಜನಪ್ರಿಯ, ಕೊಡದಿದ್ದರೆ ರೋಗಿಗೇ ಬೇಸರ. ಅದರಿಂದ ಬೇಗ ಗುಣ ಆಗುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ.

ಹುಬ್ಬಳ್ಳಿ ಹುಡುಗ:
ಒಂದ್ ಕೇಳ್ತೀನ್ರೀ. ಕಾಕಾ ಆರಾಮ ಅದಾರ ಅಂದ್ನೆಲ್ಲಾ, ಊಟಕ್ಕ ಕುಂತಾಗ ಆ ಕಡಿ ಕಣ್ಣಾಗ ನೀರು ಬರ್ತಾವ. ಖಾರ ಇಲ್ದಿದ್ರೂ ಬರ್ತಾವ. ಇದಕ್ಕೂ ಅದಕ್ಕೂ ಏನರ ಸಂಬಂಧ ಐತೇನು?

ಕಿವಿ ಮೂಗು ಗಂಟಲು:
ಇದೆ. ನರ ಮತ್ತೆ ಬೆಳೆಯುವಾಗ ಎಲ್ಲ ತಂತುಗಳೂ ಹಳೆಯ ಜಾಗಕ್ಕೇ ಹೋಗುವುದಿಲ್ಲ. ಜೊಲ್ಲಿನ ಗ್ರಂಥಿಗೆ ಹೋಗಬೇಕಾದವು ಕಣ್ಣೀರಿನ ಗ್ರಂಥಿ ಸೇರಿಕೊಂಡರೆ, ಬಾಯಲ್ಲಿ ನೀರೂರಬೇಕಾದಾಗ ಕಣ್ಣಲ್ಲಿ ನೀರು. ನಕ್ಕಾಗ ಕಣ್ಣು ಕಿರಿದಾಗುತ್ತದೆಯೇ ನೋಡಿ, ಅದೂ ಇದೇ ತರಹದ್ದು. ಅಪಾಯವೇನಿಲ್ಲ. ತುಂಬ ತೊಂದರೆ ಆಗುತ್ತಿದ್ದರೆ ಬೊಟಾಕ್ಸ್ ಚುಚ್ಚುಮದ್ದಿನಿಂದ ಕೆಲವು ತಿಂಗಳು ತಡೆಯಬಹುದು.

ಕೊಪ್ಪದ ಅಡಿಕೆ:
ಸಾರು ಸಪ್ಪೆ ಅಂತ ದೊಡ್ಡಪ್ಪ ನಿಜವಾಗಲೂ ಗೊಣಗ್ತಿದ್ದಾರೆ, ದೊಡ್ಡಮ್ಮನ ಕೈಗುಣದ ತಪ್ಪಲ್ಲ ಅಂತ ಈಗ ಗೊತ್ತಾಯ್ತು. ಕೊನೇ ಪ್ರಶ್ನೆ: ಸ್ಕ್ಯಾನ್ ಯಾವಾಗ ಬೇಕಾಗುತ್ತೆ?

ನ್ಯೂರೋ ರೆಸಿಡೆಂಟ್:
ಬೇರೆ ಯಾವುದಾದರೂ ನರ ಸೇರಿಕೊಂಡರೆ, ಕೈಕಾಲು ಸೋತರೆ ಕೂಡಲೇ. ಸೊಟ್ಟ ಒಂದೇ ದಿನದಲ್ಲಿ ಬರದೆ ವಾರಗಟ್ಟಲೆ ಮೆಲ್ಲಗೆ ಹೆಚ್ಚುತ್ತಾ ಬಂದಿದ್ದರೆ, ಕಿವಿಯ ಕೆಳಗೆ ಗಂಟು ಕೈಗೆ ಸಿಕ್ಕರೆ, ಅದೇ ಕಡೆ ಮತ್ತೆ ಮತ್ತೆ ಆದರೆ, ಮೂರು ತಿಂಗಳಾದರೂ ಒಂಚೂರೂ ಅಲ್ಲಾಡದಿದ್ದರೆ ಎಂಆರ್‌ಐ ಮಾಡಿಸಬೇಕು. ಎರಡೂ ಕಡೆ ಒಟ್ಟಿಗೆ ಸೋತರೆ ಅದು ಬೇರೆಯೇ ಕಥೆ, ಗಿಯಾನ್ ಬಾರೆಯಂಥ (ದೇಹದ ರಕ್ಷಣಾ ವ್ಯವಸ್ಥೆಯೇ ನರಗಳ ಮೇಲೆ ತಿರುಗಿಬೀಳುವ) ಕಾಯಿಲೆ ಹುಡುಕಬೇಕು. ಇದ್ಯಾವುದೂ ಇಲ್ಲದಿದ್ದರೆ ಈಗ ಕಣ್ಣು ನೋಡಿಕೊಳ್ಳಿ, ಸಕ್ಕರೆ ನೋಡಿಕೊಳ್ಳಿ, ಡಾಕ್ಟರ್ ಹೇಳಿದ ದಿನ ಮತ್ತೆ ತೋರಿಸಿ.